ಡಿಎಚ್‌ಎಸ್ ಡೇಟಾ ಸೇವೆ: ಪುಕ್ಕಟೆ, ದೊಡ್ಡದು, ಆದರೆ ಜನಾಂಗದ ಕಾಲಂ ಮಾತ್ರ ಮೂಲೆಗುಂಪು

ಬಡ ದೇಶಗಳ ಹಳ್ಳಿಗಳಲ್ಲಿ ಯಾವ ಸಮುದಾಯದ ಮಕ್ಕಳು ಜಾಸ್ತಿ ಸಾಯುತ್ತಾರೆ, ಯಾರಿಗೆ ಲಸಿಕೆ ತಲುಪಿಲ್ಲ, ಯಾವ ಹೆಂಗಸರಿಗೆ ಇನ್ನೂ ಮನೆಯಲ್ಲೇ ಹೆರಿಗೆ ಆಗುತ್ತದೆ, ಇದನ್ನೆಲ್ಲ ತಿಳಿಯಬೇಕು ಅಂದರೆ ಎಲ್ಲಿ ಹುಡುಕಬೇಕು? ಆಸ್ಪತ್ರೆಯ ರಿಜಿಸ್ಟರಿನಲ್ಲಿ ಸಿಗುವುದು ಆಸ್ಪತ್ರೆಗೆ ಬಂದವರ ಲೆಕ್ಕ ಮಾತ್ರ. ನಮಗೆ ಬೇಕಾಗಿರುವುದು ಬಾರದೇ ಉಳಿದವರ ಲೆಕ್ಕ. ಜನಗಣತಿ ಹತ್ತು ವರ್ಷಕ್ಕೊಮ್ಮೆ ನಡೆದರೆ ದೊಡ್ಡದು, ಅದರಲ್ಲೂ ಆರೋಗ್ಯದ ಪ್ರಶ್ನೆ ಕಡಿಮೆ. ಕೊನೆಗೆ ಹೆಚ್ಚಿನವರು ಬಂದು ನಿಲ್ಲುವುದು ಒಂದೇ ಬಾಗಿಲಿಗೆ: ಡೆಮಾಗ್ರಫಿಕ್ ಅಂಡ್ ಹೆಲ್ತ್ ಸರ್ವೇಸ್, ಚಿಕ್ಕದಾಗಿ ಡಿಎಚ್‌ಎಸ್.

ಇದರ ವೆಬ್‌ಸೈಟು, ಡೇಟಾ ಕೊಡುವ ವ್ಯವಸ್ಥೆ, ಸ್ಟ್ಯಾಟ್‌ಕಂಪೈಲರ್ ಅನ್ನುವ ಟೇಬಲ್ ಮಾಡುವ ಸಾಧನ, ಪಿಡಿಎಫ್ ವರದಿಗಳು, ಇವೆಲ್ಲವನ್ನೂ ಸೇರಿಸಿ ಒಂದೇ ಸೇವೆ ಅಂತ ಇಟ್ಟುಕೊಂಡು ಬರೆಯುತ್ತಿದ್ದೇನೆ. ಎಲ್ಲಾ ಬಗೆಯ ಬಳಕೆಗೂ ಇದು ಹೇಗಿದೆ ಅಂತ ಹೇಳಲು ಹೋಗುವುದಿಲ್ಲ. ಹಳ್ಳಿ, ಬಡತನ, ಜನಾಂಗ, ಈ ಮೂರೂ ಒಂದಕ್ಕೊಂದು ಸೇರುವ ಕಡೆ ಇದು ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದಷ್ಟೇ ನನ್ನ ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ, ಇದಕ್ಕಿಂತ ಒಳ್ಳೆಯದು ಪುಕ್ಕಟೆಯಾಗಿ ಬೇರೆಲ್ಲೂ ಸಿಗುವುದಿಲ್ಲ. ಆದರೂ ಜನಾಂಗದ ವಿಷಯಕ್ಕೆ ಬಂದರೆ ಇವರು ಮಾಹಿತಿ ಕೂಡಿಸಿಡುತ್ತಾರೆ, ಬಡಿಸುವುದಿಲ್ಲ. ಬೇಕಿದ್ದವರು ಒಳಗೆ ಹೋಗಿ ತೆಗೆದುಕೊಳ್ಳಬೇಕು.

ಹಿನ್ನೆಲೆ ಬೇಗ ಮುಗಿಸುತ್ತೇನೆ. 1984ರಲ್ಲಿ ಅಮೆರಿಕದ ವಿದೇಶಿ ನೆರವು ಸಂಸ್ಥೆಯಾಗಿದ್ದ ಯುಎಸ್‌ಏಡ್ ಹಣದಲ್ಲಿ ಶುರುವಾಯಿತು. ಅಲ್ಲಿಂದ ಈಚೆಗೆ 90ಕ್ಕೂ ಹೆಚ್ಚು ದೇಶಗಳಲ್ಲಿ 400ಕ್ಕೂ ಹೆಚ್ಚು ಸರ್ವೆ ನಡೆದಿವೆ. ಒಂದೊಂದು ದೇಶದಲ್ಲಿ ಸುಮಾರು ಐದು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ 5,000ದಿಂದ 30,000 ಮನೆಗಳಿಗೆ ಹೋಗಿ, 15ರಿಂದ 49 ವಯಸ್ಸಿನ ಹೆಂಗಸರನ್ನು ಕೂರಿಸಿ ಮಾತಾಡಿಸುತ್ತಾರೆ. ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದವು, ಯಾವ ಚುಚ್ಚುಮದ್ದು ಆಯಿತು, ಹೆರಿಗೆ ಎಲ್ಲಾಯಿತು, ನೀರು ಎಲ್ಲಿಂದ ತರುತ್ತೀರಿ, ನೆಲ ಮಣ್ಣಿನದಾ ಸಿಮೆಂಟಿನದಾ. ಮಕ್ಕಳ ಎತ್ತರ ತೂಕ ಅಳೆಯುತ್ತಾರೆ, ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುತ್ತಾರೆ. ಒಂದು ಕಡೆ ಕೇಳಿದ ಪ್ರಶ್ನೆಯನ್ನೇ ಹೆಚ್ಚು ಕಡಿಮೆ ಅದೇ ರೀತಿ ಇನ್ನೊಂದು ಕಡೆಯೂ ಕೇಳುವುದರಿಂದ ದೇಶ ದೇಶಗಳನ್ನು ಹೋಲಿಸಬಹುದು. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್, ಅದೂ ಇದೇ ಕುಟುಂಬದ್ದು.

ನೋಂದಣಿಯ ಕ್ರಮ ಸುಲಭ (2025ರಲ್ಲಿ ಏನಾಯಿತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ). ಹೆಸರು, ಸಂಸ್ಥೆ, ಯಾಕೆ ಬೇಕು ಅನ್ನುವ ಒಂದು ಸಣ್ಣ ವಿವರಣೆ ಕೊಟ್ಟರೆ ಸಾಕು. ಹಳ್ಳಿಗಳ ಜಿಪಿಎಸ್ ಗುರುತು ಬೇಕಿದ್ದರೆ ಅದಕ್ಕೆ ಬೇರೆ ಕೋರಿಕೆ. ಫೈಲುಗಳು ಸ್ಟಾಟಾ, ಎಸ್‌ಪಿಎಸ್‌ಎಸ್, ಸ್ಯಾಸ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ಎಲ್ಲಕ್ಕೂ ಹೊಂದುವಂತೆ ಸಿಗುತ್ತವೆ. ಹೆಂಗಸರದ್ದು ಒಂದು ಫೈಲು, ಐದು ವರ್ಷದೊಳಗಿನ ಮಕ್ಕಳದ್ದು ಒಂದು, ಹುಟ್ಟಿದ ಎಲ್ಲಾ ಮಕ್ಕಳದ್ದು ಇನ್ನೊಂದು, ಮನೆಯದ್ದು ಮತ್ತೊಂದು. ಕಾಸಿಲ್ಲ. ಇಷ್ಟು ದೊಡ್ಡ ಕೆಲಸದ ಕಚ್ಚಾ ಡೇಟಾವನ್ನು ವಿದ್ಯಾರ್ಥಿಗೂ ಪ್ರೊಫೆಸರಿಗೂ ಒಂದೇ ರೀತಿ ಕೊಡುತ್ತಾರಲ್ಲ, ಅದಕ್ಕೇ ಅರ್ಧ ಅಂಕ ಕೊಟ್ಟುಬಿಡಬಹುದು.

ಈಗ ನಿಜವಾದ ವಿಷಯ.

ಮೊದಲ ಸಲ ಬರುವವರು ಸಾಮಾನ್ಯವಾಗಿ ಹೋಗುವುದು ಸ್ಟ್ಯಾಟ್‌ಕಂಪೈಲರ್‌ಗೆ. ದೇಶ ಆರಿಸಿ, ಸೂಚಕ ಆರಿಸಿ, ಟೇಬಲ್ ಸಿದ್ಧ. ಬೇಕಿದ್ದರೆ ನಕ್ಷೆ, ಗ್ರಾಫು. ನಗರ ಹಳ್ಳಿ ಅಂತ ಒಡೆಯಬಹುದು, ಪ್ರಾಂತ್ಯವಾರು ಒಡೆಯಬಹುದು, ತಾಯಿಯ ಓದು, ಮನೆಯ ಸಂಪತ್ತು, ಹೀಗೆ. ಜನಾಂಗವಾರು ಒಡೆಯೋಣ ಅಂದರೆ? ಆ ಆಯ್ಕೆಯೇ ಇಲ್ಲ. ಸರ್ವೆಯಲ್ಲಿ ಪ್ರಶ್ನೆ ಕೇಳಿದ್ದಾರೆ, ಉತ್ತರ ಬರೆದುಕೊಂಡಿದ್ದಾರೆ, ಫೈಲಿನಲ್ಲಿ ವಿ131 ಅನ್ನುವ ಕಾಲಂನಲ್ಲಿ ಅದು ಕೂತಿದೆ. ಆದರೆ ಅಂಗಡಿಯ ಮುಂಭಾಗದಲ್ಲಿ ಇಟ್ಟಿಲ್ಲ. ಪತ್ರಕರ್ತರು, ಸಣ್ಣ ಸಂಸ್ಥೆಯವರು, ಜಿಲ್ಲಾ ಮಟ್ಟದ ಅಧಿಕಾರಿಗಳು ಬಳಸುವುದು ಈ ಮುಂಭಾಗವನ್ನೇ ಅಲ್ವಾ? ಅವರ ಕಣ್ಣಿಗೆ ಬಡತನ ಕಾಣುತ್ತದೆ, ಹಳ್ಳಿ ಕಾಣುತ್ತದೆ, ಸಮುದಾಯ ಕಾಣುವುದಿಲ್ಲ.

ಕಾರಣ ಇಲ್ಲ ಅಂತಲ್ಲ. ಪ್ರತಿ ದೇಶದ ಜನಾಂಗಗಳ ಪಟ್ಟಿ ಬೇರೆ. ವಿ131ರಲ್ಲಿ 3 ಅಂತ ಇದ್ದರೆ ಒಂದು ದೇಶದಲ್ಲಿ ಒಂದು ಗುಂಪು, ಪಕ್ಕದ ದೇಶದಲ್ಲಿ ಇನ್ನೊಂದು. ಒಂದೇ ದೇಶದಲ್ಲೂ ಒಂದು ಸುತ್ತಿನ ಕೋಡು ಮುಂದಿನ ಸುತ್ತಿಗೆ ಬದಲಾಗಿರುತ್ತದೆ, ಹಿಂದೆ ಬೇರೆ ಬೇರೆ ಇದ್ದ ಎರಡು ಗುಂಪು ಈಗ ಒಂದಾಗಿರುತ್ತದೆ, ಸಣ್ಣವರೆಲ್ಲ 'ಇತರೆ' ಅನ್ನುವ ಡಬ್ಬಕ್ಕೆ ಬಿದ್ದಿರುತ್ತಾರೆ. ಇದನ್ನೆಲ್ಲ ಒಂದು ಗುಂಡಿ ಒತ್ತಿದರೆ ಬರುವ ಟೇಬಲ್ ಮಾಡುವುದು ಕಷ್ಟವೇ. ಒಪ್ಪುತ್ತೇನೆ. ಆದರೆ ಕಷ್ಟ ಅಂತ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಕೆನ್ಯಾದ ಒಂದು ಉದಾಹರಣೆ ಸಾಕು.

ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿ ಬಗ್ಗೆ 2014ರ ಕೆನ್ಯಾ ಸರ್ವೆ ನೋಡಿ. ಇಡೀ ದೇಶದ ಸರಾಸರಿ 21%. ಹಾಗಂದರೆ ಐವರಲ್ಲಿ ಒಬ್ಬರು ಅಂತ ಓದಿಕೊಂಡು ಮುಂದೆ ಹೋಗುತ್ತೇವೆ. ಜನಾಂಗವಾರು ಟೇಬಲ್ ತೆರೆದರೆ ಸೊಮಾಲಿ ಹೆಂಗಸರಲ್ಲಿ 94%, ಸಂಬೂರು ಜನರಲ್ಲಿ 86%, ಕಿಸಿಯವರಲ್ಲಿ 84%, ಮಾಸಾಯಿಗಳಲ್ಲಿ 78%. ಲುವೊ, ಲುಹ್ಯಾ ಜನರಲ್ಲಿ ಬಹಳ ಕಡಿಮೆ. ನಡುವೆ ಇರುವ ಸಮುದಾಯಗಳೂ ಇವೆ, ಆದರೆ 21% ಅನ್ನುವ ಒಂದೇ ಅಂಕಿ ಈ ಎರಡು ತುದಿಗಳನ್ನು ಮುಚ್ಚಿಬಿಡುತ್ತದೆ. ಒಂದು ತುದಿಯಲ್ಲಿ ಹೆಚ್ಚು ಕಡಿಮೆ ಎಲ್ಲರೂ, ಇನ್ನೊಂದು ತುದಿಯಲ್ಲಿ ಯಾರೂ ಇಲ್ಲ ಅನ್ನುವಷ್ಟು. 2022ರ ಸರ್ವೆಯಲ್ಲಿ ಸರಾಸರಿ 15%ಕ್ಕೆ ಇಳಿದಿದೆ. ಒಳ್ಳೆಯದೇ, ಆದರೆ ಆ ಇಳಿಕೆ ಯಾರಲ್ಲಿ ಆಯಿತು ಅನ್ನುವ ಪ್ರಶ್ನೆಗೆ ಸರಾಸರಿ ಉತ್ತರ ಕೊಡುವುದಿಲ್ಲ.

ಇದರಲ್ಲಿ ನನಗೆ ಕಿರಿಕಿರಿ ಆಗುವ ಒಂದು ವಿಷಯ ಇದೆ. ಮೇಲಿನ ಟೇಬಲ್ ವರದಿಯಲ್ಲೇ ಅಚ್ಚಾಗಿದೆ, ಹುಡುಕಬೇಕಿಲ್ಲ. ಅಂದರೆ 'ಪದ್ಧತಿ' ಬಗ್ಗೆ ಮಾತಾಡುವಾಗ ಜನಾಂಗ ಮುಂದೆ ಬರುತ್ತದೆ. ಅದೇ ವರದಿಯ ಲಸಿಕೆ ಅಧ್ಯಾಯಕ್ಕೆ ಹೋಗಿ, ಅಲ್ಲಿ ಮಗುವಿನ ಲಿಂಗ, ಎಷ್ಟನೆಯ ಮಗು, ನಗರ ಹಳ್ಳಿ, ಪ್ರಾಂತ್ಯ, ತಾಯಿಯ ಓದು, ಸಂಪತ್ತು, ಇಷ್ಟೇ. ಜನಾಂಗ ಮಾಯ. ಬೇರೆ ದೇಶಗಳ ವರದಿಗಳಲ್ಲೂ ಸಾಮಾನ್ಯವಾಗಿ ಇದೇ ಕಥೆ. ಸಮುದಾಯದ ತಪ್ಪು ಅಂತ ತೋರಿಸುವ ಕಡೆ ಅವರ ಹೆಸರಿರುತ್ತದೆ, ಸರ್ಕಾರ ಅವರಿಗೆ ಏನು ಕೊಟ್ಟಿಲ್ಲ ಅಂತ ತೋರಿಸಬೇಕಾದ ಕಡೆ ಹೆಸರಿರುವುದಿಲ್ಲ. ಬೇಕಂತ ಮಾಡಿದ್ದು ಅಂತ ನಾನು ಹೇಳುತ್ತಿಲ್ಲ. ಪರಿಣಾಮ ಮಾತ್ರ ಅದೇ.

ಕೆನ್ಯಾದ ಸೊಮಾಲಿಗಳು ಹೆಚ್ಚಾಗಿ ಇರುವುದು ಗರಿಸ್ಸಾ, ವಾಜಿರ್, ಮಂಡೇರಾ ಕಡೆ. ಒಣ ಪ್ರದೇಶ, ದೂರ ದೂರದ ಊರು, ದಶಕಗಳಿಂದ ರಸ್ತೆ ಆಸ್ಪತ್ರೆ ಕಡಿಮೆ. ಅಲ್ಲಿ ಮಗುವಿಗೆ ಲಸಿಕೆ ಆಗಿಲ್ಲ ಅಂದರೆ ಅದು ಜನಾಂಗದ ಕಾರಣಕ್ಕಾ, ಊರಿನ ಕಾರಣಕ್ಕಾ, ಬಡತನದ ಕಾರಣಕ್ಕಾ? ಇದನ್ನು ಬಿಡಿಸಿ ನೋಡಲು ಕಚ್ಚಾ ಫೈಲೇ ಬೇಕು. ಡಿಎಚ್‌ಎಸ್ ನಿಜವಾಗಿ ಮಿಂಚುವುದು ಇಲ್ಲೇ. ಒಂದೇ ಹೆಂಗಸಿನ ಸಾಲಿನಲ್ಲಿ ಅವಳ ಜನಾಂಗ, ಧರ್ಮ, ಹಳ್ಳಿ, ಓದು, ಮನೆಯ ಸ್ಥಿತಿ, ಮಕ್ಕಳ ಕಥೆ ಎಲ್ಲವೂ ಇದೆ. ಹಳ್ಳಿಯವರನ್ನು ಮಾತ್ರ ಇಟ್ಟುಕೊಂಡು, ಅದರಲ್ಲೂ ಬಡವರನ್ನು ಮಾತ್ರ ಇಟ್ಟುಕೊಂಡು, ಆಮೇಲೂ ಜನಾಂಗಗಳ ನಡುವೆ ಅಂತರ ಉಳಿಯುತ್ತದಾ ಅಂತ ನೋಡಬಹುದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬ್ರಾಕರ್‌ಹಾಫ್ ಮತ್ತು ಹ್ಯೂಯೆಟ್ ಅನ್ನುವ ಸಂಶೋಧಕರು ಇದೇ ಡೇಟಾದಿಂದ ಆಫ್ರಿಕಾದ 11 ದೇಶಗಳ ಮಕ್ಕಳ ಸಾವಿನ ಲೆಕ್ಕ ತೆಗೆದರು. ಜನಾಂಗಗಳ ನಡುವೆ ದೊಡ್ಡ ಅಂತರ ಕಂಡಿತು. ಆ ಅಂತರದ ಹಿಂದೆ ಹಣದ ಅಸಮಾನತೆ ಇತ್ತು, ದೇಶದ ದೊಡ್ಡ ನಗರದಲ್ಲಿ ಯಾರು ಜಾಸ್ತಿ ಇದ್ದಾರೆ ಅನ್ನುವುದೂ ಇತ್ತು. ರಕ್ತದಲ್ಲಿ ಏನೋ ಇದೆ ಅಂತ ಹೊರಟವರಿಗೆ ಸಿಗುವುದು ಬಹಳ ಸಲ ರಸ್ತೆ, ನೀರು, ಅಧಿಕಾರದ ಕಥೆ.

ಹಾಗಂತ ರಕ್ತದಲ್ಲಿ ಏನೂ ಇಲ್ಲ ಅಂತಲೂ ಅಲ್ಲ. ಪಶ್ಚಿಮ ಆಫ್ರಿಕಾದ ಫುಲಾನಿಗಳನ್ನು ನೋಡಿ. ಬುರ್ಕಿನಾ ಫಾಸೊದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನಗಳಲ್ಲಿ ಒಂದೇ ಪ್ರದೇಶದಲ್ಲಿ, ಅದೇ ಸೊಳ್ಳೆಗಳ ನಡುವೆ ಇದ್ದರೂ ಫುಲಾನಿಗಳಿಗೆ ಪಕ್ಕದ ಮೊಸ್ಸಿ ಜನರಿಗಿಂತ ಮಲೇರಿಯಾ ಕಡಿಮೆ ಅಂತ ಕಂಡಿತು. ಮಲೇರಿಯಾ ತಡೆಯುವ ಕುಡಗೋಲು ಕಣದ (ಸಿಕಲ್ ಸೆಲ್) ಜೀನ್ ಇವರಲ್ಲಿ ಜಾಸ್ತಿ ಇರಬೇಕು ಅಂದುಕೊಂಡರೆ ಅದು ಕಡಿಮೆಯೇ ಇತ್ತು. ರೋಗನಿರೋಧಕ ಶಕ್ತಿಯೇ ಬೇರೆ ರೀತಿ ಕೆಲಸ ಮಾಡುತ್ತಿತ್ತು. ಈಗ ತಮಾಷೆ ಏನು ಗೊತ್ತಾ? ಸೊಳ್ಳೆಯ ವಿಷಯದಲ್ಲಿ ಮುಂದಿರುವ ಇದೇ ಜನ ಲಸಿಕೆ, ಹೆರಿಗೆ ಸೌಲಭ್ಯದ ವಿಷಯದಲ್ಲಿ ಅನೇಕ ಕಡೆ ಹಿಂದೆ. ದನಗಳ ಜೊತೆ ಊರೂರು ತಿರುಗುವವರನ್ನು ಕಾಯಂ ಆರೋಗ್ಯ ಕೇಂದ್ರ ಹಿಡಿಯುವುದು ಕಷ್ಟ. ಜನಾಂಗ ಅನ್ನುವ ಒಂದೇ ಕಾಲಂನೊಳಗೆ ಜೀನ್ ಇದೆ, ಜೀವನ ಕ್ರಮ ಇದೆ, ಸರ್ಕಾರದ ಕಣ್ಣಿಗೆ ಬೀಳದಿರುವುದೂ ಇದೆ. ಇವುಗಳನ್ನು ಬೇರೆ ಮಾಡಲು ಡಿಎಚ್‌ಎಸ್ ಕೆಲವು ಸಲ ನಿಜವಾಗಿ ಸಹಾಯ ಮಾಡುತ್ತದೆ. 2018ರ ನೈಜೀರಿಯಾ ಸರ್ವೆಯಲ್ಲಿ 6ರಿಂದ 59 ತಿಂಗಳ ಮಕ್ಕಳಿಗೆ ಕುಡಗೋಲು ಕಣದ ಪರೀಕ್ಷೆಯನ್ನೂ ಸೇರಿಸಿದರು. ಮನೆಮನೆ ಸರ್ವೆಯಲ್ಲಿ ಇಂಥದ್ದು ಸಿಗುವುದು ಅಪರೂಪ. ಅದೇ ಸರ್ವೆಯಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಎಲ್ಲಾ ಮೂಲ ಲಸಿಕೆ ಆದವರು 31% ಮಾತ್ರ, ಒಂದೂ ಆಗದವರು 19%. ಈ 19% ಎಲ್ಲಾ ಸಮುದಾಯದಲ್ಲೂ ಸಮನಾಗಿ ಹಂಚಿಹೋಗಿದ್ದಾರಾ ಅಂತ ಕೇಳಿಕೊಳ್ಳಿ, ಆಮೇಲೆ ಫೈಲು ತೆರೆದು ನೋಡಿ.

ಜೀನ್ ವಿಷಯ ಬಂದಿತು ಅಂತ ಇನ್ನೊಂದು. ರಕ್ತಹೀನತೆಯ ಲೆಕ್ಕ ಹಾಕುವಾಗ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿ ಇದ್ದಾರೆ ಅನ್ನುವುದಕ್ಕೆ ಹಿಮೋಗ್ಲೋಬಿನ್ ಅಂಕಿಯನ್ನು ತಿದ್ದುತ್ತಾರೆ. ಎತ್ತರದಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಹಿಮೋಗ್ಲೋಬಿನ್ ಏರುತ್ತದೆ ಅನ್ನುವ ಲೆಕ್ಕ. ಆ್ಯಂಡಿಸ್ ಪರ್ವತದ ಜನರಿಗೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಟಿಬೆಟನ್ನರಲ್ಲಿ ಅಷ್ಟೇ ಎತ್ತರದಲ್ಲೂ ಹಿಮೋಗ್ಲೋಬಿನ್ ಅಷ್ಟು ಏರುವುದಿಲ್ಲ. ಅವರ ದೇಹ ಬೇರೆ ದಾರಿ ಹಿಡಿದಿದೆ. ಎಲ್ಲರಿಗೂ ಒಂದೇ ಸೂತ್ರ ಹಾಕಿದರೆ ಒಂದು ಸಮುದಾಯದಲ್ಲಿ ಇಲ್ಲದ ರಕ್ತಹೀನತೆ ಕಾಣಬಹುದು. ಸರ್ವೆಯವರ ತಪ್ಪು ಅಂತ ಹೇಳಲಾಗದು, ಸೂತ್ರ ಇರುವುದೇ ಹಾಗೆ. ಫೈಲಿನಲ್ಲಿ ತಿದ್ದಿದ ಅಂಕಿಯೂ ಇದೆ, ತಿದ್ದದ ಅಂಕಿಯೂ ಇದೆ. ಎರಡನ್ನೂ ನೋಡಿ.

ಮುಂದಿನದು ಸಂಪತ್ತಿನ ಸೂಚ್ಯಂಕ. ಹಳ್ಳಿಯ ಬಡತನ ನೋಡಲು ಬಂದವರು ಇದನ್ನು ಕಣ್ಣು ಮುಚ್ಚಿ ಬಳಸಬೇಡಿ. ಸಂಬಳ ಎಷ್ಟು, ಖರ್ಚು ಎಷ್ಟು ಅಂತ ಇಲ್ಲಿ ಕೇಳುವುದಿಲ್ಲ. ನೆಲ, ಚಾವಣಿ, ಶೌಚಾಲಯ, ನೀರು, ಟಿವಿ, ಫೋನು, ಸೈಕಲ್, ಇವುಗಳಿಂದ ಒಂದು ಅಂಕ ಮಾಡಿ ಜನರನ್ನು ಐದು ಸಮ ಭಾಗ ಮಾಡುತ್ತಾರೆ. ಐಡಿಯಾ ಒಳ್ಳೆಯದೇ, ಸುಳ್ಳು ಹೇಳುವುದು ಕಷ್ಟ. ಆದರೆ ಈ ವಸ್ತುಗಳೆಲ್ಲ ನಗರದ ಕಡೆ ವಾಲುತ್ತವೆ. ದನಕರು ಎಷ್ಟಿವೆ ಅಂತ ಕೇಳಿದರೂ ಕೊನೆಯ ಅಂಕದಲ್ಲಿ ಅದಕ್ಕೆ ಸಿಗುವ ತೂಕ ಕಡಿಮೆ. ನೂರು ದನ ಇರುವ ಮಾಸಾಯಿ ಮನೆ, ಏನೂ ಇಲ್ಲದ ಕೂಲಿಯವರ ಮನೆ, ಇವೆರಡೂ 'ತೀರಾ ಬಡವರು' ಅನ್ನುವ ಒಂದೇ ಭಾಗಕ್ಕೆ ಬೀಳಬಹುದು. ಆಮೇಲೆ ನಾವು 'ಬಡತನ ಸಮ ಮಾಡಿಕೊಂಡು ಜನಾಂಗ ಹೋಲಿಸಿದೆವು' ಅಂತ ಬರೆಯುತ್ತೇವೆ. ಬಡತನ ಎಲ್ಲಿ ಸಮ ಆಯಿತು? ಈಚಿನ ಸುತ್ತುಗಳಲ್ಲಿ ಹಳ್ಳಿಗೇ ಬೇರೆ, ನಗರಕ್ಕೇ ಬೇರೆ ಸೂಚ್ಯಂಕವನ್ನೂ ಕೊಡುತ್ತಿದ್ದಾರೆ, ವಿ190ಎ ಅಂತ. ಹಳ್ಳಿಯ ಕೆಲಸಕ್ಕೆ ಅದನ್ನೇ ಬಳಸಿ. ಇದು ಒಳ್ಳೆಯ ಸುಧಾರಣೆ, ಆದರೆ ಬಳಸುವವರು ಕಡಿಮೆ ಅನಿಸುತ್ತದೆ.

ಸಣ್ಣ ಸಮುದಾಯಗಳ ಸಮಸ್ಯೆ ಇನ್ನೂ ದೊಡ್ಡದು. ಲೆಕ್ಕ ಹಾಕಿ ನೋಡಿ. ಸರ್ವೆಯಲ್ಲಿ 10,000 ಹೆಂಗಸರು ಇದ್ದಾರೆ, ಒಂದು ಬುಡಕಟ್ಟು ಜನಸಂಖ್ಯೆಯ 2%. ಸಿಗುವುದು 200 ಹೆಂಗಸರು. ಅವರಲ್ಲಿ ಕಳೆದ ಐದು ವರ್ಷದಲ್ಲಿ ಹೆತ್ತವರು ಇನ್ನೂ ಕಡಿಮೆ. ಸತ್ತ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು. ಒಂದೆರಡು ಸಾವು ಆಚೀಚೆ ಆದರೆ ಪ್ರಮಾಣ ಎಲ್ಲಿಂದ ಎಲ್ಲಿಗೋ ಹಾರುತ್ತದೆ. ಡಿಎಚ್‌ಎಸ್ ವರದಿಗಳು ಈ ವಿಷಯದಲ್ಲಿ ಪ್ರಾಮಾಣಿಕ. ಸಾಮಾನ್ಯ ಟೇಬಲ್‌ಗಳಲ್ಲಿ 25ಕ್ಕಿಂತ ಕಡಿಮೆ ಜನ ಇದ್ದರೆ ಅಂಕಿಯ ಬದಲು ನಕ್ಷತ್ರ ಚಿಹ್ನೆ, 25ರಿಂದ 49 ಇದ್ದರೆ ಅಂಕಿ ಆವರಣದೊಳಗೆ. ಮಕ್ಕಳ ಸಾವಿನ ಲೆಕ್ಕಕ್ಕೆ ಮಿತಿ ಇನ್ನೂ ಬಿಗಿ, 250ಕ್ಕಿಂತ ಕಡಿಮೆ ಇದ್ದರೆ ತೋರಿಸುವುದೇ ಇಲ್ಲ. ಕಚ್ಚಾ ಫೈಲಿನಲ್ಲಿ ಈ ಎಚ್ಚರಿಕೆ ಕೊಡುವವರು ಯಾರೂ ಇರುವುದಿಲ್ಲ. ಕಂಪ್ಯೂಟರ್ 12 ಮಕ್ಕಳ ಮೇಲೂ ಶೇಕಡಾವಾರು ಕೊಡುತ್ತದೆ, ದಶಮಾಂಶದ ಸಮೇತ. ಆ ಅಂಕಿಯನ್ನು ಹಿಡಿದು ಯಾವುದೋ ಸಮುದಾಯದ ಬಗ್ಗೆ ತೀರ್ಪು ಕೊಡಬೇಡಿ ದಯವಿಟ್ಟು. ಎರಡು ಮೂರು ಸುತ್ತಿನ ಸರ್ವೆ ಸೇರಿಸಿದರೆ ಸ್ವಲ್ಪ ಗಟ್ಟಿಯಾಗುತ್ತದೆ, ಆದರೆ ಕೋಡು ಬದಲಾಗಿದೆಯಾ ಅಂತ ಮೊದಲು ನೋಡಿಕೊಳ್ಳಬೇಕು.

ಇನ್ನು ಮನೆಗಳನ್ನು ಆರಿಸುವುದು ಸಾಮಾನ್ಯವಾಗಿ ಜನಗಣತಿಯ ಪಟ್ಟಿಯಿಂದ. ಅಲೆಮಾರಿಗಳು ಆ ಪಟ್ಟಿಯಲ್ಲಿ ಸರಿಯಾಗಿ ಇರುವುದಿಲ್ಲ. ಗಲಭೆ ಇರುವ ಪ್ರದೇಶಗಳನ್ನು ಕೆಲವು ಸಲ ಬಿಟ್ಟುಬಿಡುತ್ತಾರೆ. ಅಂದರೆ ಯಾರ ಸ್ಥಿತಿ ತೀರಾ ಕೆಟ್ಟದ್ದೋ ಅವರೇ ಹೊರಗೆ.

ಇದನ್ನು ಹೇಳುವಾಗ ಭಾರತದ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ. ಎನ್‌ಎಫ್‌ಎಚ್‌ಎಸ್-5, 2019ರಿಂದ 2021ರವರೆಗೆ ನಡೆದದ್ದು, 6 ಲಕ್ಷಕ್ಕೂ ಹೆಚ್ಚು ಮನೆಗಳ ದೈತ್ಯ ಸರ್ವೆ. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ದೇಶದಲ್ಲಿ 35.5%, ಪರಿಶಿಷ್ಟ ಪಂಗಡಗಳಲ್ಲಿ 40.9%. ಆದರೆ ಈ 'ಪರಿಶಿಷ್ಟ ಪಂಗಡ' ಅನ್ನುವ ಒಂದು ಸಾಲಿನೊಳಗೆ 700ಕ್ಕೂ ಹೆಚ್ಚು ಸಮುದಾಯಗಳಿವೆ. ಗ್ವಾಟೆಮಾಲಾದಲ್ಲೂ ಹೀಗೇ. 2014-15ರ ಸರ್ವೆಯಲ್ಲಿ ಕುಂಠಿತ ಬೆಳವಣಿಗೆ ದೇಶದಲ್ಲಿ 46.5%, ಮೂಲನಿವಾಸಿ ಮಕ್ಕಳಲ್ಲಿ 58%. ಅಂತರ ಕಣ್ಣಿಗೆ ರಾಚುತ್ತದೆ. ಅಲ್ಲಿ ಮಾಯಾ ಭಾಷೆಗಳೇ 22, ಆದರೆ ಸಾರಾಂಶದ ಟೇಬಲ್‌ನಲ್ಲಿ ಎಲ್ಲರೂ ಸೇರಿ 'ಮೂಲನಿವಾಸಿ' ಅನ್ನುವ ಒಂದೇ ಸಾಲು.

ಎಲ್ಲಾ ದೇಶಗಳೂ ಈ ಪ್ರಶ್ನೆ ಕೇಳುವುದಿಲ್ಲ ಅನ್ನುವುದೂ ಗೊತ್ತಿರಲಿ. 1994ರ ನರಮೇಧದ ನಂತರ ರುವಾಂಡಾ ಸರ್ವೆಗಳಲ್ಲಿ ಜನಾಂಗ ಕೇಳುವುದಿಲ್ಲ. ಯಾಕೆ ಅಂತ ವಿವರಿಸಬೇಕಿಲ್ಲ. ಗುರುತಿನ ಚೀಟಿಯಲ್ಲಿದ್ದ ಜನಾಂಗ ನೋಡಿ ಕೊಂದ ದೇಶ ಅದು. ಟಾಂಜಾನಿಯಾದ ಜನಗಣತಿಯಲ್ಲಿ 1967ರ ನಂತರ ಆ ಪ್ರಶ್ನೆ ಇಲ್ಲ, ಈಚಿನ ಡಿಎಚ್‌ಎಸ್‌ನಲ್ಲೂ ಇಲ್ಲ. ಇದರಿಂದ ಒಂದು ವಿಚಿತ್ರ ಪರಿಸ್ಥಿತಿ. ಜನಾಂಗಗಳು ಬೆರೆತ ಹಳ್ಳಿಗಳಲ್ಲಿ ಬಾವಿ, ಶಾಲೆಯಂಥ ಸಾರ್ವಜನಿಕ ಕೆಲಸ ಹಿಂದೆ ಬೀಳುತ್ತದೆ ಅನ್ನುವ ವಾದ 1990ರ ದಶಕದಿಂದ ಅರ್ಥಶಾಸ್ತ್ರಜ್ಞರಲ್ಲಿ ಜೋರಾಗಿದೆ. ಆ ವಾದಕ್ಕೆ ಬಳಸಿದ ವೈವಿಧ್ಯದ ಅಂಕಿಗಳು ಬಹುಪಾಲು 1964ರಲ್ಲಿ ಸೋವಿಯತ್ ಸಂಶೋಧಕರು ತಯಾರಿಸಿದ ಒಂದು ಅಟ್ಲಾಸಿನಿಂದ ಬಂದವು. ಒಂದು ದೇಶದಲ್ಲಿ ಸುಮ್ನೆ ಇಬ್ಬರನ್ನು ಆರಿಸಿದರೆ ಅವರು ಬೇರೆ ಬೇರೆ ಗುಂಪಿನವರಾಗಿರುವ ಸಾಧ್ಯತೆ ಎಷ್ಟು, ಅಷ್ಟೇ ಆ ಅಂಕಿ. 2004ರಲ್ಲಿ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಮಿಗೆಲ್ ಗಡಿಯ ಎರಡೂ ಕಡೆಯ ಗ್ರಾಮೀಣ ಜಿಲ್ಲೆಗಳನ್ನು ಹೋಲಿಸಿದರು, ಕೆನ್ಯಾದ ಬುಸಿಯಾ, ಟಾಂಜಾನಿಯಾದ ಮಿಯಾಟು. ಕೆನ್ಯಾದ ಕಡೆ ಬೆರೆತ ಊರುಗಳಲ್ಲಿ ಶಾಲೆಗೆ ಹಣ ಕಡಿಮೆ ಸೇರಿತ್ತು. ಟಾಂಜಾನಿಯಾ ಕಡೆ ಅಂಥ ಪರಿಣಾಮ ಕಾಣಲಿಲ್ಲ. ಮೊದಲ ಅಧ್ಯಕ್ಷ ನ್ಯೆರೆರೆ ಕಾಲದಿಂದ ಸ್ವಾಹಿಲಿ ಭಾಷೆ, ಶಾಲೆಯ ಪಾಠ, ಹಳ್ಳಿಯ ಆಡಳಿತ ಎಲ್ಲದರಲ್ಲೂ ದೇಶವನ್ನು ಒಂದು ಮಾಡಲು ಪಟ್ಟ ಶ್ರಮವೇ ಇದಕ್ಕೆ ಕಾರಣ ಅನ್ನುವುದು ಅವರ ವಿವರಣೆ. ವೈವಿಧ್ಯ ತಾನಾಗಿಯೇ ಆರೋಗ್ಯ ಕೆಡಿಸುವುದಿಲ್ಲ, ರಾಜಕೀಯ ಅದನ್ನು ಹೇಗೆ ನಡೆಸಿಕೊಳ್ಳುತ್ತದೆ ಅನ್ನುವುದರ ಮೇಲಿದೆ ಅನ್ನುವವರಿಗೆ ಇದು ದೊಡ್ಡ ಸಾಕ್ಷಿ. ಮಕ್ಕಳ ಆರೋಗ್ಯದಲ್ಲೂ ಹೀಗೇನಾ ಅಂತ ಡಿಎಚ್‌ಎಸ್‌ನಿಂದ ನೋಡೋಣ ಅಂದರೆ ಟಾಂಜಾನಿಯಾ ಕಡೆ ಕಾಲಂ ಖಾಲಿ. ಜನಾಂಗ ಕೇಳದೇ ಇರುವುದು ಆ ದೇಶದ ಯಶಸ್ಸಿನ ಭಾಗವೂ ಇರಬಹುದು, ಹಾಗಾಗಿ ದೂರುವುದಕ್ಕೂ ಆಗುವುದಿಲ್ಲ.

ಜನಾಂಗದ ಕಾಲಂ ಇಲ್ಲದ ಅಥವಾ ಸಾಲದ ಕಡೆ ಬಹಳ ಜನ ಗಮನಿಸದ ಇನ್ನೊಂದು ಬಾಗಿಲಿದೆ: ಭಾಷೆ. ಈಚಿನ ಸುತ್ತುಗಳ ಫೈಲಿನಲ್ಲಿ ಪ್ರಶ್ನಾವಳಿ ಯಾವ ಭಾಷೆಯದ್ದು, ಮಾತುಕತೆ ಯಾವ ಭಾಷೆಯಲ್ಲಿ ನಡೆಯಿತು, ಹೆಂಗಸಿನ ಮಾತೃಭಾಷೆ ಯಾವುದು, ಮಧ್ಯೆ ಅನುವಾದ ಮಾಡುವವರು ಇದ್ದರಾ ಅಂತ ಬೇರೆ ಬೇರೆ ಕಾಲಂ ಇವೆ. ವಿ045ರ ಸಾಲು, ಪಕ್ಕದಲ್ಲಿ ವಿ046. ನನ್ನ ಮಟ್ಟಿಗೆ ಇದು ಇಡೀ ಫೈಲಿನಲ್ಲಿ ಅತ್ಯಂತ ಉಪಯುಕ್ತ, ಅತ್ಯಂತ ಕಡಿಮೆ ಬಳಕೆಯಾದ ಭಾಗ. ಯೋಚಿಸಿ, ಗರ್ಭಪಾತ, ಗಂಡನ ಹೊಡೆತ, ಸತ್ತ ಮಗುವಿನ ವಿಷಯವನ್ನು ಒಬ್ಬ ಹೆಂಗಸು ತನ್ನದಲ್ಲದ ಭಾಷೆಯಲ್ಲಿ, ಅದೂ ಪಕ್ಕದ ಮನೆಯ ಯಾರೋ ಕೂತು ಅನುವಾದಿಸುವಾಗ ಎಷ್ಟು ಹೇಳುತ್ತಾಳೆ? ಒಂದು ಸಮುದಾಯದಲ್ಲಿ ಹಿಂಸೆ ಕಡಿಮೆ ಅಂತ ಟೇಬಲ್ ಹೇಳಿದರೆ ಅದು ಹಿಂಸೆ ಕಡಿಮೆ ಇರುವುದರಿಂದಲೋ, ಹೇಳಿಕೊಳ್ಳಲು ಆಗದೇ ಇರುವುದರಿಂದಲೋ ಅಂತ ಪರೀಕ್ಷಿಸಲು ಈ ಕಾಲಂ ಬೇಕೇ ಬೇಕು. ಇದನ್ನು ದಾಖಲಿಸಿಡುವ ಬುದ್ಧಿ ಬಂದವರಿಗೆ ಶಹಭಾಸ್. ಅದನ್ನು ವರದಿಯಲ್ಲಿ ಬಳಸುವ ಬುದ್ಧಿಯೂ ಬಂದಿದ್ದರೆ ಚೆನ್ನಾಗಿತ್ತು.

ಬೇಗ ಹೇಳಿ ಮುಗಿಸುವ ಕೆಲವು ತೊಡಕುಗಳು. ತೂಕದ ಕಾಲಂ (ದೇಹದ ತೂಕ ಅಲ್ಲ, ಲೆಕ್ಕದಲ್ಲಿ ಒಬ್ಬೊಬ್ಬರ ಉತ್ತರಕ್ಕೆ ಕೊಡುವ ತೂಕ) ವಿ005 ಅನ್ನು ಹತ್ತು ಲಕ್ಷದಿಂದ ಭಾಗಿಸಿ ಬಳಸಬೇಕು, ಬಿಟ್ಟರೆ ಅಂಕಿ ಎಲ್ಲಾ ತಪ್ಪು. ಒಂದು ಹಳ್ಳಿಯಲ್ಲಿ ಹೆಚ್ಚಾಗಿ ಒಂದೇ ಜನಾಂಗದವರು ಇರುವುದರಿಂದ ಕ್ಲಸ್ಟರ್ (ಒಂದೇ ಕಡೆ ಒಟ್ಟಿಗೆ ಆರಿಸಿದ ಮನೆಗಳ ಗುಂಪು) ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಇಲ್ಲದ ನಿಖರತೆ ಇದ್ದಂತೆ ಕಾಣುತ್ತದೆ. ದಿನಾಂಕಗಳು 1900ರ ಜನವರಿಯಿಂದ ಎಣಿಸಿದ ತಿಂಗಳುಗಳಲ್ಲಿ ಇರುತ್ತವೆ, 2000ದ ಜನವರಿ ಅಂದರೆ 1201. ಇಥಿಯೋಪಿಯಾ, ನೇಪಾಳದ ಫೈಲುಗಳಲ್ಲಿ ಅಲ್ಲಿನ ಪಂಚಾಂಗದ ದಿನಾಂಕ ಇರುವುದರಿಂದ ತಲೆ ಕೆಡುತ್ತದೆ. ಜಿಪಿಎಸ್ ಗುರುತುಗಳನ್ನು ಜನರ ಗುಟ್ಟು ಕಾಪಾಡಲು ಬೇಕಂತಲೇ ಸರಿಸಿರುತ್ತಾರೆ. ನಗರದಲ್ಲಿ 2 ಕಿ.ಮೀ.ವರೆಗೆ, ಹಳ್ಳಿಯಲ್ಲಿ 5 ಕಿ.ಮೀ.ವರೆಗೆ, ಹಳ್ಳಿಗಳ ಪೈಕಿ 1%ರಷ್ಟನ್ನು 10 ಕಿ.ಮೀ.ವರೆಗೆ. ಸರಿಯಾದ ಕ್ರಮವೇ. ಆದರೆ 'ಈ ಬುಡಕಟ್ಟಿನ ಹಳ್ಳಿಯಿಂದ ಆರೋಗ್ಯ ಕೇಂದ್ರ 3 ಕಿ.ಮೀ.' ಅಂತ ಇದರಿಂದ ಹೇಳಲು ಹೋಗಬೇಡಿ.

ಪಕ್ಕದ ಅಂಗಡಿಗಳ ಬಗ್ಗೆಯೂ ಹೇಳಬೇಕು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಐಪಮ್ಸ್ ಡಿಎಚ್‌ಎಸ್ ಇದೇ ಡೇಟಾವನ್ನು ಸುತ್ತಿನಿಂದ ಸುತ್ತಿಗೆ ಹೊಂದುವಂತೆ ಸರಿಪಡಿಸಿ ಕೊಡುತ್ತದೆ. ಎಲ್ಲಾ ದೇಶ, ಎಲ್ಲಾ ಸುತ್ತು ಅಲ್ಲಿಲ್ಲ, ಆದರೆ ಇರುವಷ್ಟರಲ್ಲಿ ಕೋಡುಗಳ ಗೋಜಲು ಬಹಳ ಕಡಿಮೆಯಾಗುತ್ತದೆ. ಹಲವು ಸುತ್ತು ಹೋಲಿಸುವವರು ನೇರ ಅಲ್ಲಿಗೇ ಹೋಗುವುದು ವಾಸಿ. ಯುನಿಸೆಫ್‌ನ ಮಿಕ್ಸ್ ಸರ್ವೆಗಳು ಇನ್ನೊಂದು ಆಯ್ಕೆ, 1990ರ ದಶಕದಿಂದ ನಡೆಯುತ್ತಿವೆ, ಅವೂ ಪುಕ್ಕಟೆ. ಒಂದು ವ್ಯತ್ಯಾಸ ನೆನಪಿರಲಿ. ಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಮನೆಯ ಯಜಮಾನನ ಜನಾಂಗ ಅಥವಾ ಭಾಷೆ ಕೇಳುತ್ತಾರೆ, ಡಿಎಚ್‌ಎಸ್‌ನಲ್ಲಿ ಸಾಮಾನ್ಯವಾಗಿ ಹೆಂಗಸನ್ನೇ ಅವಳ ಜನಾಂಗ ಕೇಳುತ್ತಾರೆ. ಬೇರೆ ಬೇರೆ ಜನಾಂಗದವರು ಮದುವೆಯಾಗುವ ಊರುಗಳಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ. ಈ ಒಂದು ಕಾರಣಕ್ಕೆ ನನ್ನ ಓಟು ಡಿಎಚ್‌ಎಸ್‌ಗೇ.

ದೊಡ್ಡ ಆತಂಕ ಬೇರೆ ಇದೆ. 2025ರ ಆರಂಭದಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವು ನಿಲ್ಲಿಸಿದಾಗ ಇಡೀ ಡಿಎಚ್‌ಎಸ್ ಕಾರ್ಯಕ್ರಮವೇ ನಿಂತಿತು. ಕೋರಿಕೆಗಳಿಗೆ ಉತ್ತರಿಸಲು ಆಗುವುದಿಲ್ಲ ಅನ್ನುವ ಸೂಚನೆ ಸೈಟಿನಲ್ಲಿ ಬಂತು. ಅರ್ಧಕ್ಕೆ ನಿಂತ ಸರ್ವೆಗಳನ್ನು ಮುಗಿಸಲು ಆಮೇಲೆ ಗೇಟ್ಸ್ ಫೌಂಡೇಶನ್ ತಾತ್ಕಾಲಿಕವಾಗಿ ಹಣ ಕೊಟ್ಟಿತು. 40 ವರ್ಷ ಬಹುಮಟ್ಟಿಗೆ ಒಂದೇ ದೇಶದ ಖಜಾನೆಯ ಮೇಲೆ ನಿಂತಿದ್ದ ವ್ಯವಸ್ಥೆ ಇದು. ಬಡ ದೇಶಗಳ ಹಳ್ಳಿಯ ಮಕ್ಕಳ ಲೆಕ್ಕ ಇಡುವ ಪುಸ್ತಕ ವಾಷಿಂಗ್ಟನ್‌ನ ಒಂದು ಆದೇಶಕ್ಕೆ ಮುಚ್ಚಿಕೊಳ್ಳುತ್ತದೆ ಅಂದರೆ ಸೇವೆಯ ಭರವಸೆಗೆ ಎಷ್ಟು ಅಂಕ ಕೊಡಬೇಕು ನೀವೇ ಹೇಳಿ. ಒಂದು ಸುತ್ತು ತಪ್ಪಿದರೆ ಐದು ವರ್ಷದ ಖಾಲಿ ಜಾಗ, ಆ ಮಕ್ಕಳ ಕಥೆಯನ್ನು ಆಮೇಲೆ ಪೂರ್ತಿ ತುಂಬಿಸಲು ಆಗುವುದಿಲ್ಲ. ಹಳೆಯ ಫೈಲುಗಳು ಕೈಯಲ್ಲಿದ್ದರೆ ಜೋಪಾನ ಮಾಡಿಟ್ಟುಕೊಳ್ಳಿ. ಹೊಸದಾಗಿ ನೋಂದಾಯಿಸುವವರು ಸೈಟಿನಲ್ಲಿ ಈಗಿನ ಸ್ಥಿತಿ ಏನು ಅಂತ ಮೊದಲು ಓದಿ.

ಅಂಕ ಕೊಡಲೇಬೇಕು ಅಂದರೆ ಕಚ್ಚಾ ಡೇಟಾಗೆ ಐದಕ್ಕೆ ನಾಲ್ಕೂವರೆ, ಕೈಪಿಡಿಗಳಿಗೆ ನಾಲ್ಕು, ಪಿಡಿಎಫ್ ವರದಿಗಳಿಗೆ ಮೂರು, ಸ್ಟ್ಯಾಟ್‌ಕಂಪೈಲರ್‌ಗೆ ಈ ವಿಷಯದ ಮಟ್ಟಿಗೆ ಒಂದೂವರೆ. ಅಂಕಿಅಂಶದ ಸಾಫ್ಟ್‌ವೇರ್ ಬಾರದವರು ಗೊತ್ತಿರುವ ಒಬ್ಬರನ್ನು ಜೊತೆ ಮಾಡಿಕೊಂಡು ಶುರು ಮಾಡಿ. ಎಲ್ಲಕ್ಕಿಂತ ಮೊದಲು ಆ ದೇಶದ ವರದಿಯ ಕೊನೆಯಲ್ಲಿರುವ ಪ್ರಶ್ನಾವಳಿ ತೆರೆದು, ಜನಾಂಗದ ಪ್ರಶ್ನೆ ಇದೆಯಾ, ಇದ್ದರೆ ಯಾವ ಹೆಸರುಗಳನ್ನು ಪಟ್ಟಿ ಮಾಡಿದ್ದಾರೆ, ಯಾರನ್ನು 'ಇತರೆ'ಗೆ ತಳ್ಳಿದ್ದಾರೆ ಅಂತ ನೋಡಿಕೊಳ್ಳಿ. ಅರ್ಧ ಗಂಟೆಯ ಕೆಲಸ. ನಿಮಗೆ ಬೇಕಾದ ಸಮುದಾಯದ ಹೆಸರು ಅಲ್ಲಿಲ್ಲ ಅಂದರೆ ಫೈಲು ಇಳಿಸಿಕೊಳ್ಳುವ ತೊಂದರೆಯೇ ಬೇಡ.